ಮನೆ ಮಾರುವ ಮುಂಚೆ ಹಳೆ ಕಾವಿ ನೆಲದ ಮೇಲೆ ಟೈಲ್ಸ್ ಹಾಕಿಸಬೇಕಾ?

ಕಕ್ಕಡಮಳೆ
ಮಡಿಕೇರಿ ಹತ್ತಿರ ನಲವತ್ತು ವರ್ಷದ ಹೆಂಚಿನ ಮನೆ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ಮಾರಾಟಕ್ಕೆ ಇಡಬೇಕು. ಹಾಲ್ 240 ಚದರಡಿ, ಎರಡು ರೂಮ್, ಎಲ್ಲ ಕಡೆ ರೆಡ್ ಆಕ್ಸೈಡ್ ನೆಲ. ಹಾಲ್‌ನಲ್ಲಿ ನಾಲ್ಕೈದು ಬಿರುಕು, ಬಣ್ಣ ಮಾಸಿದೆ. ಬರೆ (ಮನೆ ಹಿಂದಿನ ಮಣ್ಣಿನ ದಿಣ್ಣೆ) ಕಡೆಗಿರುವ ಹಿಂದಿನ ರೂಮಲ್ಲಿ ಗೋಡೆ ಬುಡದಲ್ಲಿ ಬಿಳಿ ಪುಡಿ ಬರುತ್ತೆ. ಒಬ್ಬ ಮೇಸ್ತ್ರಿ ನೆಲ ಒಡೆಯದೆ ಮೇಲೇ ವಿಟ್ರಿಫೈಡ್ ಟೈಲ್ಸ್ ಹಾಕೋಣ ಅಂತಾರೆ, ಇನ್ನೊಬ್ಬರು ವಿನೈಲ್ ಶೀಟ್ ಹಾಸಿದರೆ ಎರಡು ದಿನದ ಕೆಲಸ ಅಂತಾರೆ. ಬಾಗಿಲಿನ ಕೆಳಗೆ 8 ಮಿ.ಮೀ. ಸಂದು ಇದೆ ಅಷ್ಟೇ. ಯಾವುದು ಸರಿ?

ಗೋಡೆಬುಡ
ಮೊದಲು ತೇವ ನೋಡಿ ಸರ್, ಟೈಲ್ಸ್ ಮಾತು ಆಮೇಲೆ. ಎರಡಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ 48 ಗಂಟೆ ಬಿಡಿ. ಹಾಲ್ ನಡುವೆ ಒಂದು, ಹಿಂದಿನ ರೂಮಲ್ಲಿ ಗೋಡೆಗೆ ಹತ್ತಿರ ಒಂದು. ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ ಅಥವಾ ನೆಲದ ಬಣ್ಣ ಗಾಢವಾಗಿದ್ದರೆ ನೀರು ಮಣ್ಣಿನಿಂದ ಏರುತ್ತಿದೆ. ಮೇಲ್ಭಾಗ ಮಾತ್ರ ಒದ್ದೆಯಾದರೆ ಅದು ಮಳೆಗಾಲದ ಗಾಳಿಯ ಬೆವರು, ಕಿಟಕಿ ತೆರೆದು ಗಾಳಿಯಾಡಿಸಿದರೆ ಕಡಿಮೆಯಾಗುತ್ತೆ. ಈ ಪರೀಕ್ಷೆ ಮಳೆ ನಿಲ್ಲುವ ಮೊದಲೇ ಆಗಬೇಕು; ಜನವರಿಯಲ್ಲಿ ನೋಡಿದರೆ ಕೊಡಗಿನ ಎಲ್ಲ ನೆಲವೂ ಪಾಸ್.

ಬಿಳಿ ಪುಡಿ ಅಂದರೆ ಉಪ್ಪು. ನೀರು ಅದನ್ನು ಕರಗಿಸಿ ತಂದು, ತಾನು ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತೆ. ಅಂಥ ಕಡೆ ವಿನೈಲ್ ಹಾಸಿದರೆ ಆ ಆವಿಗೆ ದಾರಿಯೇ ಇಲ್ಲ. ಗೋಂದು ಮೆತ್ತಗಾಗಿ ಜೋಡಣೆ ಏಳುತ್ತೆ, ಅಡಿಯಲ್ಲಿ ಬೂಷ್ಟು ಕಟ್ಟಿ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುತ್ತೆ. ಮನೆ ನೋಡಲು ಬಂದವರು ಮೊದಲು ಗಮನಿಸುವುದೇ ಆ ವಾಸನೆ. ಲ್ಯಾಮಿನೇಟ್ ಹಲಗೆಯಂತೂ ಬೇಡವೇ ಬೇಡ, ಅಂಚು ನೀರು ಕುಡಿದು ಉಬ್ಬುತ್ತೆ.

ಬರೆಗೂ ಗೋಡೆಗೂ ನಡುವಿನ ಚರಂಡಿ ನೋಡಿ. ಅದರ ತಳ ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಮಣ್ಣು, ತರಗೆಲೆ ತುಂಬಿ ಮಟ್ಟ ಏರಿದ್ದರೆ ತೇವದ ಮೂಲ ಅಲ್ಲೇ.

ರಸಮಟ್ಟ
ಹಾಲ್ ಒಣಗಿದ್ದರೆ ಒಡೆಯದೆ ಮೇಲೆ ಹಾಕಬಹುದು. ಆದರೆ ಲೆಕ್ಕ ಮಾಡಿ: ಟೈಲ್ 9 ಮಿ.ಮೀ., ಅಂಟು 4, ಒಟ್ಟು 13. ನಿಮ್ಮ 8 ಮಿ.ಮೀ. ಸಂದು ಸಾಲದು. ಬಾಗಿಲುಗಳನ್ನು ಕಳಚಿ ಕೆಳಗೆ 8 ಮಿ.ಮೀ.ನಷ್ಟು ಕೊಯ್ಯಿಸಿ, ಕೊಯ್ದ ಅಂಚಿಗೆ ಪ್ರೈಮರ್ ಬಳಿಸಿ. ಇಲ್ಲದಿದ್ದರೆ ಮುಂದಿನ ಮಳೆಗೆ ಉಬ್ಬಿ ಉಜ್ಜುತ್ತೆ.

ಎರಡಡಿ ಟೈಲ್ ಬಾಕ್ಸ್‌ಗೆ ನಾಲ್ಕು ಬರುತ್ತೆ, 15.5 ಚದರಡಿ. 240ಕ್ಕೆ ಶೇ. 10 ವೇಸ್ಟೇಜ್ ಸೇರಿಸಿದರೆ 264, ಅಂದರೆ 18 ಬಾಕ್ಸ್. ಎಲ್ಲ ಬಾಕ್ಸ್ ಮೇಲೂ ಒಂದೇ ಬ್ಯಾಚ್, ಒಂದೇ ಶೇಡ್ ನಂಬರ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿ. ಸ್ಕರ್ಟಿಂಗ್‌ಗೆ (ಗೋಡೆ ಬುಡದ ಪಟ್ಟಿಗೆ) ಬೇಕಾದ್ದು ಬೇರೆ. 20 ಕೆ.ಜಿ. ಅಂಟಿನ ಚೀಲ ಸುಮಾರು 36 ಚದರಡಿಗೆ, ಆದ್ದರಿಂದ 7 ಚೀಲ. ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇ. 0.5ಕ್ಕಿಂತಲೂ ಕಡಿಮೆ, ಬರೀ ಸಿಮೆಂಟ್ ತಿಳಿಗೆ ಅದು ಕಚ್ಚುವುದಿಲ್ಲ. ಅಂಟಿನ ದರ್ಜೆ ನೋಡಿ, ಚೀಲದ ಮೇಲೆ ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ಅಂತ ಇರಲಿ.

ಕಾವಿ ನೆಲದ ದೊಡ್ಡ ತೊಂದರೆ ಅದರ ಹೊಳಪು. ವರ್ಷಗಟ್ಟಲೆ ಉಜ್ಜಿದ ಎಣ್ಣೆ, ಮೇಣ ಒಳಗೆ ಇಳಿದಿರುತ್ತೆ. ಗ್ರೈಂಡರ್‌ಗೆ ಕಪ್ ವೀಲ್ (ನೆಲ ಉಜ್ಜುವ ಚಕ್ರ) ಹಾಕಿ ಬೂದು ಬಣ್ಣ ಕಾಣುವವರೆಗೆ ತೆಗೆಸಿ, ಧೂಳು ಪೂರ್ತಿ ಗುಡಿಸಿ. ನಾಲ್ಕು ನೀರಿನ ಹನಿ ಹಾಕಿದಾಗ ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ ಅಂತಲೇ ಅರ್ಥ. ಮರದ ಕೋಲಿನಿಂದ ಬಡಿದು, ಟೊಳ್ಳು ಸದ್ದು ಬಂದ ಕಡೆ ಹಳೆ ಗಾರೆ ಒಡೆದು ತುಂಬಿಸಿ.

ಐದು ಉಂಡೆ ಅಂಟು ಇಟ್ಟು ಟೈಲ್ ಒತ್ತುವವರನ್ನು ಅಲ್ಲೇ ತಡೆಯಿರಿ. ಮೂಲೆಗಳು ಟೊಳ್ಳಾಗಿ ಉಳಿದು, ಮಂಚದ ಕಾಲು ಬಿದ್ದ ದಿನ ಒಡೆಯುತ್ತೆ. 8 ಮಿ.ಮೀ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಎಳೆದು, ಟೈಲ್ ಬೆನ್ನಿಗೂ ತೆಳ್ಳಗೆ ಸವರಬೇಕು. ಮೊದಲ ಎರಡು ಟೈಲ್ ಕೂರಿಸಿದ ಕೂಡಲೇ ಎಬ್ಬಿಸಿ ನೋಡಿ, ಬೆನ್ನಿಗೆ ಪೂರ್ತಿ ಅಂಟು ಹಿಡಿದಿರಬೇಕು. ಸ್ಪೇಸರ್ 2 ಮಿ.ಮೀ., ಗೋಡೆ ಬದಿಗೆ 6 ಮಿ.ಮೀ. ಖಾಲಿ, ಅದನ್ನು ಸ್ಕರ್ಟಿಂಗ್ ಮುಚ್ಚುತ್ತೆ. ಗ್ರೌಟ್ (ಸಂದು ತುಂಬುವುದು) ಮರುದಿನ. ಗಟ್ಟಿಯಾಗತೊಡಗಿದ ಅಂಟಿಗೆ ಮತ್ತೆ ನೀರು ಬೆರೆಸಿದರೆ ಅದು ಗೋಂದಲ್ಲ, ಕೆಸರು.

ಕಾವಿನೆಲ
ಒಣಗಿರುವ ಹಾಲ್‌ಗೆ ಟೈಲ್ಸ್ ಯಾಕೆ? ಹೋಮ್‌ಸ್ಟೇ ಮಾಡಲು ಹೆಂಚಿನ ಮನೆ ಹುಡುಕುವವರಿಗೆ ಬೇಕಾದದ್ದೇ ಆ ಕೆಂಪು ನೆಲ. ಕೂದಲೆಳೆ ಬಿರುಕನ್ನು ಮುಟ್ಟಬೇಡಿ. ಉಗುರು ಸಿಕ್ಕುವಷ್ಟಿದ್ದರೆ ಮಾತ್ರ ವಿ ಆಕಾರಕ್ಕೆ ಬಿಡಿಸಿ, ಒದ್ದೆ ಮಾಡಿ, ಸಿಮೆಂಟ್, ನಯ ಮರಳು, ಆಕ್ಸೈಡ್ ಸೇರಿಸಿ ತುಂಬಿಸಿ. ಆಕ್ಸೈಡ್ ಸಿಮೆಂಟಿನ ತೂಕದ ಶೇ. 10 ದಾಟಬಾರದು, ಜಾಸ್ತಿಯಾದರೆ ಗಾರೆ ಸಪ್ಪೆಯಾಗಿ ಪುಡಿ ಉದುರುತ್ತೆ. ಬಣ್ಣವನ್ನು ಹಳೆ ಹೆಂಚಿನ ಚೂರಿನ ಮೇಲೆ ಬಳಿದು, ಒಣಗಿದ ಮೇಲೆ ಹೋಲಿಸಿ. ಹಸಿಯಲ್ಲಿ ಕಂಡ ಕೆಂಪು ನಂಬುವಂಥದ್ದಲ್ಲ.

ಪಾಲಿಶ್ ಮೆಷಿನ್ ತಂದವರು 60ರ ಒರಟು ಕಲ್ಲಿನಿಂದ ಶುರು ಮಾಡಿದರೆ ಕೆಲಸ ಕೆಟ್ಟಿತು. ಕೆಂಪು ಪದರ ಕೆಲವೇ ಮಿಲಿಮೀಟರ್, ಕೆಳಗಿರುವುದು ಬೂದು ಗಾರೆ. 220ರ ನಯ ಕಲ್ಲಿನಿಂದ ಹೊರಟು ಇನ್ನೂ ನಯವಾದ 400ಕ್ಕೆ ಹೋಗಿ, ಕೊನೆಗೆ ಮೇಣದ ಪಾಲಿಶ್. ಕಲೆ ತೆಗೆಯಲು ಆ್ಯಸಿಡ್ ಬೇಡ, ಅದು ಸಿಮೆಂಟನ್ನೇ ತಿನ್ನುತ್ತೆ.

ಕಕ್ಕಡಮಳೆ
ಪರೀಕ್ಷೆ ಮಾಡಿದೆ. ಹಾಲ್ ಒಣ. ಹಿಂದಿನ ರೂಮಲ್ಲಿ ಹಾಳೆಯಡಿ ಹನಿಗಳ ಸಾಲು! ಚರಂಡಿಯಲ್ಲೂ ಮೊಣಕಾಲು ಮಟ್ಟ ಮಣ್ಣಿದೆ. ಹಾಲ್ ಹಾಗೇ ಇರಲಿ ಅನ್ನಿಸ್ತಿದೆ. ಆ ರೂಮಿಗೆ ಏನು ಮಾಡಲಿ?

ಗೋಡೆಬುಡ
ಈಗಲೇ ಚರಂಡಿ ತೆಗೆಸಿ, ಕಾಫಿ ಕೊಯ್ಲು ಶುರುವಾದರೆ ಕೈಯಾಳು ಸಿಗುವುದು ಕಷ್ಟ. ಮಣ್ಣು ತೆಗೆಯುವಾಗ ಬರೆಯ ಬುಡ ಕೆರೆಯದಂತೆ ನೋಡಿಕೊಳ್ಳಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ, ನೀರು ಹಾಕಿದರೆ ಮತ್ತೆ ಒಳಗೆ ಹೋಗುತ್ತೆ. ನವೆಂಬರ್‌ವರೆಗೆ ಕಿಟಕಿ ತೆರೆದಿಡಿ, ಮತ್ತೆ ಹಾಳೆ ಅಂಟಿಸಿ ನೋಡಿ. ಒಣಗಿದ್ದರೆ ಹಾಲ್‌ಗೆ ಮಾಡಿದ್ದೇ ಇಲ್ಲಿಗೂ. ಆಗಲೂ ಹನಿ ಬಂದರೆ ಈ ವರ್ಷ ಮೇಲೆ ಏನೂ ಹಾಸಬೇಡಿ, ಮೇಣವೂ ಬೇಡ. ಕೊಳ್ಳುವವರಿಗೆ ಚರಂಡಿ ತೋರಿಸಿ, ಏನು ಮಾಡಿಸಿದ್ದೀರಿ ಅಂತ ಹೇಳಿ. ಗೋಡೆ ಬುಡ ಮುಚ್ಚುವಂತೆ ಬೀರು ಇಟ್ಟು ಮಾತ್ರ ತೋರಿಸಬೇಡಿ, ಎಲ್ಲರೂ ಸರಿಸಿಯೇ ನೋಡ್ತಾರೆ.