ಹೇರ್ ಪ್ಯಾಚ್ ಸಹಜವಾಗಿ ಕಾಣುವಂತೆ ಕತ್ತರಿಸುವುದು ಹೇಗೆ? ಬಳಸಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ, ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೇನೆ. ಹಣೆಯಿಂದ ಸುಳಿಯವರೆಗೆ ಬೋಳಾಗಿದ್ದು, ಕಿವಿಯ ಮೇಲೆ ಮತ್ತು ಹಿಂದೆ ಮಾತ್ರ ಕೂದಲಿದೆ. ಮುಂದೆ ಲೇಸ್ (ತೆಳು ಬಲೆಬಟ್ಟೆ), ಸುತ್ತ ಪಾಲಿ (ತೆಳು ಪ್ಲಾಸ್ಟಿಕ್ ಪದರ) ಅಂಚು ಇರುವ, ಬೋಳಿನ ಮೇಲೆ ಅಂಟಿಸುವ 8×6 ಇಂಚಿನ ಕೂದಲಿನ ಪ್ಯಾಚನ್ನು ತರಿಸಿಕೊಂಡಿದ್ದೇನೆ. ಕೂದಲು ಆರು ಇಂಚು ಉದ್ದವಿದೆ, ಇನ್ನೂ ಕತ್ತರಿ ತಾಗಿಸಿಲ್ಲ. ತಲೆಯ ಮೇಲಿಟ್ಟು ನೋಡಿದರೆ ನನ್ನದಲ್ಲವೆಂದು ಎದ್ದು ಕಾಣುತ್ತದೆ. ಬರುವ ತಿಂಗಳು ತಂಗಿಯ ಮದುವೆ ಇದೆ. ಊರಿನ ಸಲೂನಿನಲ್ಲೇ ಕತ್ತರಿಸಬಹುದೇ, ಬೆಂಗಳೂರಿಗೇ ಹೋಗಬೇಕೇ? ದಯವಿಟ್ಟು ತಿಳಿಸಿ.

ಮೈಸೂರು, ಬ್ಯಾಂಕ್ ನೌಕರ:
ಸರ್, ಇನ್ನೂ ಕತ್ತರಿ ತಾಗಿಸಿಲ್ಲವೆಂಬುದೇ ಸಮಾಧಾನದ ಸಂಗತಿ. ನನ್ನ ಮೊದಲ ಪ್ಯಾಚಿಗೆ 22,500 ರೂಪಾಯಿ ಕೊಟ್ಟಿದ್ದೆ. ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಅದನ್ನು ಡಮ್ಮಿ ತಲೆಗೆ ಪಿನ್ನು ಚುಚ್ಚಿ ಕೂರಿಸಿ, ನಾನು ತೋರಿಸಿದ ಫೋಟೊ ನೋಡಿಕೊಂಡು ಪೂರ್ತಿ ಕತ್ತರಿಸಿ, ಆಮೇಲೆ ನನ್ನ ತಲೆಗೆ ಅಂಟಿಸಿದರು. ಡಮ್ಮಿ ತಲೆಗೆ ಪಕ್ಕದ ಕೂದಲು ಎಲ್ಲಿಂದ ಬರಬೇಕು? ಪ್ಯಾಚಿನ ಕೂದಲು ನನ್ನ ಕೂದಲಿನೊಳಕ್ಕೆ ಇಳಿದು ಬೆರೆಯಬೇಕಾದ ಜಾಗದಲ್ಲಿ, ಕಿವಿಗಿಂತ ಮೂರು ಬೆರಳು ಮೇಲೆ, ಮನೆಯ ಸೂರಿನ ಅಂಚಿನಂತೆ ಒಂದೇ ಗೆರೆಯಾಗಿ ನಿಂತುಬಿಟ್ಟಿತು. ಕೇಳಿದ್ದಕ್ಕೆ, ಸರಿಪಡಿಸುತ್ತೇವೆಂದು ಮತ್ತೆ ಕತ್ತರಿಸಿ ಇನ್ನಷ್ಟು ಗಿಡ್ಡ ಮಾಡಿದರು. ನಮ್ಮ ಕೂದಲಾದರೆ ತಿಂಗಳೊಪ್ಪತ್ತಿನಲ್ಲಿ ಬೆಳೆದು ತಪ್ಪು ಮುಚ್ಚಿಹೋಗುತ್ತದೆ. ಪ್ಯಾಚಿನದು ಹೋದರೆ ಹೋಯಿತು.

ಲೆಕ್ಕ ಹೇಳುತ್ತೇನೆ: ಪ್ಯಾಚಿಗೆ 22,500, ಫಿಟ್ಟಿಂಗಿಗೆ 1,500, ಕೆಡಿಸಿದ್ದನ್ನು ಸರಿಪಡಿಸಿದ್ದಕ್ಕೆ 800, ಟೇಪಿಗೆ 650, ಅಂಟು ಬಿಡಿಸುವ ದ್ರಾವಣಕ್ಕೆ 750, ಒಟ್ಟು 26,200 ರೂಪಾಯಿ. ಕೌಂಟರಿನಲ್ಲಿ ಕುಳಿತು ದಿನವಿಡೀ ಗ್ರಾಹಕರ ಎದುರು ಮುಖ ತೋರಿಸಬೇಕಾದವನಿಗೆ ಆ ಗೆರೆ ಎಂತಹ ಹಿಂಸೆಯೆಂದು ಅನುಭವಿಸಿದವರಿಗೇ ಗೊತ್ತು. ಬೆಂಗಳೂರಿನ ಸ್ಟುಡಿಯೊಗಳೆಲ್ಲ ಇಷ್ಟೇ ಎಂಬುದು ನನ್ನ ಅಭಿಪ್ರಾಯ. ಈಗ ಮೈಸೂರಿನಲ್ಲೇ ಒಬ್ಬರು, ಮೊದಲು ಪ್ಯಾಚನ್ನು ತಲೆಗೆ ಕೂರಿಸಿ, ತೊಳೆದು, ಒಣಗಿಸಿ, ನಾನು ದಿನವೂ ಬಾಚುವ ಕಡೆಗೇ ಬಾಚಿ, ಬೇಕಾದ ಅಳತೆಗಿಂತ ಒಂದಿಂಚು ಉದ್ದವಾಗಿಯೇ ಕತ್ತರಿಸಲು ಶುರು ಮಾಡುತ್ತಾರೆ.

ಬೆಂಗಳೂರು, ರಾಜಾಜಿನಗರದ ಹೇರ್ ಸ್ಟೈಲಿಸ್ಟ್:
ಪ್ಯಾಚ್ ಕೂರಿಸಿ ಕತ್ತರಿಸುವುದೇ ನನ್ನ ವೃತ್ತಿ. ಡಮ್ಮಿಯ ಮೇಲೆ ಕತ್ತರಿಸಿ ಕೊಡುವ ಒಂದು ಅಂಗಡಿಯ ಕೆಲಸವನ್ನು ನೋಡಿ ಇಡೀ ಬೆಂಗಳೂರಿನ ಸ್ಟುಡಿಯೊಗಳನ್ನು ದೂರುವುದು ನ್ಯಾಯವಲ್ಲ, ಸರ್. ನಿಮ್ಮ ಹಣ ಹೋಯಿತೆಂಬ ನೋವು ನನಗೆ ಅರ್ಥವಾಗುತ್ತದೆ. ಆದರೆ ನಿಯತ್ತಾಗಿ ದುಡಿಯುವವರೂ ಇಲ್ಲಿದ್ದಾರೆ.

ಗೆರೆ ಬೀಳುವುದಕ್ಕೆ ಡಮ್ಮಿ ಒಂದೇ ಕಾರಣವಲ್ಲ. ಅಡ್ಡಲಾಗಿ ಕತ್ತರಿಸಿದ ತುದಿಗಳೆಲ್ಲ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಗೆರೆ ಮೂಡುತ್ತದೆ. ಆದ್ದರಿಂದ ಸೇರುವ ಜಾಗದಲ್ಲಿ ಕತ್ತರಿಯ ಮೊನೆಯನ್ನು ಕೂದಲಿನ ಉದ್ದಕ್ಕೇ ಹಿಡಿದು ಚುಚ್ಚುತ್ತ ಪಾಯಿಂಟ್ ಕಟಿಂಗ್ ಮಾಡಬೇಕು. ದಟ್ಟಣೆ ಇಳಿಸಲು ಥಿನ್ನಿಂಗ್ ಕತ್ತರಿ ಬಳಸುವವರು ಅದನ್ನು ಬುಡಕ್ಕೆ ಹಚ್ಚುವುದೇ ದೊಡ್ಡ ಅನಾಹುತ. ಬೇಸಿನ (ಕೂದಲು ನೆಟ್ಟಿರುವ ತಳದ) ಬಳಿ ತುಂಡಾದ ಗಿಡ್ಡ ಎಳೆಗಳು ನೆಟ್ಟಗೆ ನಿಂತು ಮೇಲಿನ ಉದ್ದ ಕೂದಲನ್ನು ಎತ್ತಿ ಹಿಡಿಯುತ್ತವೆ; ಎಣ್ಣೆ, ವ್ಯಾಕ್ಸ್, ಜೆಲ್ ಯಾವುದನ್ನು ಹಚ್ಚಿದರೂ ಅದು ಕೂರುವುದಿಲ್ಲ. ಎಳೆಯ ನಡುವಿನಿಂದ ತುದಿಯ ಕಡೆಗೆ ಮಾತ್ರ ತೆಳುವಾಗಿಸಬೇಕು. ಪ್ಯಾಚಿನ ಮೇಲೆ ನಾನು ಮಷೀನನ್ನೂ ರೇಜರನ್ನೂ ಮುಟ್ಟಿಸುವುದಿಲ್ಲ. ಈ ಕೆಲಸಕ್ಕೆ 3,000 ರೂಪಾಯಿ ತೆಗೆದುಕೊಳ್ಳುತ್ತೇನೆ, ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಹುಬ್ಬಳ್ಳಿ, ಹಾರ್ಡ್‌ವೇರ್ ವ್ಯಾಪಾರಿ:
ಮೂರು ಸಾವಿರವೇ! ನಮ್ಮ ಓಣಿಯ ಸಲೂನಿನ ಅಣ್ಣ ನನಗೆ 300 ರೂಪಾಯಿಗೆ ಮಾಡಿಕೊಡುತ್ತಾನೆ, ಅದೂ ನಾನು ಒತ್ತಾಯ ಮಾಡಿ ಕೊಟ್ಟಿದ್ದಕ್ಕೆ. ಅವನ ತಂದೆಯೇ ನನ್ನ ಜಾವಳ ತೆಗೆದವರು. ನನ್ನ ತಲೆಯ ಉಬ್ಬುತಗ್ಗು ಅವನಿಗೆ ಗೊತ್ತಿರುವಷ್ಟು ಯಾವ ಸ್ಟುಡಿಯೊದವರಿಗೂ ಗೊತ್ತಿರಲು ಸಾಧ್ಯವಿಲ್ಲ. ಲೇಸು ಹರಿದು ಮೂಲೆಗೆ ಹಾಕಿದ್ದ ಹಳೆಯ ಪ್ಯಾಚನ್ನು ಮೊದಲು ಅವನ ಕೈಗೆ ಕೊಟ್ಟೆ. ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಅದನ್ನೇ ನನ್ನ ತಲೆಗೆ ಟೇಪು ಹಾಕಿ ಕೂರಿಸಿಕೊಂಡು, ಎಷ್ಟು ಕತ್ತರಿಸಿದರೆ ಎಷ್ಟು ಏಳುತ್ತದೆ, ಬೈತಲೆ ಯಾವ ಕಡೆ ಬೀಳುತ್ತದೆ ಎಂದು ಪರೀಕ್ಷಿಸಿದ. ಆಮೇಲೆಯೇ ಹೊಸದಕ್ಕೆ ಕೈ ಹಾಕಿದ. ಕಳೆದ ಗಣೇಶ ಚತುರ್ಥಿಯಲ್ಲಿ ನಮ್ಮ ಬೀಗರು ಎದುರಿಗೇ ಕುಳಿತು ಊಟ ಮಾಡಿದರೂ ಗುರುತು ಹಿಡಿಯಲಿಲ್ಲ. ದಾವಣಗೆರೆಯ ಸರ್, ಊರಿನ ಕ್ಷೌರಿಕರನ್ನು ಕೀಳಾಗಿ ಕಾಣಬೇಡಿ.

ಬೆಂಗಳೂರು, ರಾಜಾಜಿನಗರದ ಹೇರ್ ಸ್ಟೈಲಿಸ್ಟ್:
ನಾನು ಯಾರನ್ನೂ ಕೀಳಾಗಿ ಕಂಡಿಲ್ಲ. ನನ್ನ ತಂದೆಯವರೂ ತುಮಕೂರಿನಲ್ಲಿ ಕ್ಷೌರದ ಅಂಗಡಿ ನಡೆಸಿದವರೇ. ಕೆಲಸ ಕೆಟ್ಟರೆ ನಿಮ್ಮ ಅಣ್ಣನವರು ಇಪ್ಪತ್ತು ಸಾವಿರದ ಪ್ಯಾಚ್ ತಂದುಕೊಡುತ್ತಾರೆಯೇ ಎಂದು ಮಾತ್ರ ಕೇಳುತ್ತೇನೆ. ನಾನು ತಂದುಕೊಟ್ಟಿದ್ದೇನೆ.

ಮಂಗಳೂರು, ಖಾಸಗಿ ಕಂಪನಿ ಉದ್ಯೋಗಿ:
ಎಲ್ಲರೂ ಕತ್ತರಿಯ ಬಗ್ಗೆಯೇ ಬರೆಯುತ್ತಿದ್ದೀರಿ. ಎದುರಿಗೆ ನಿಂತವರ ಕಣ್ಣು ಮೊದಲು ಬೀಳುವುದು ಹಣೆಯ ಅಂಚಿನ ಮೇಲೆ. ನನಗೆ ನಲವತ್ತಾರು ವರ್ಷ. ಅಂಗಡಿಯವರು 130 ಪರ್ಸೆಂಟ್ ಡೆನ್ಸಿಟಿಯ ಪ್ಯಾಚನ್ನು, ಹುಬ್ಬಿನಿಂದ ಮೂರೇ ಬೆರಳು ಮೇಲೆ, ಮೂಲೆಗಳು ತುಂಬಿ ಬರುವಂತೆ ಕೂರಿಸಲು ಹಟ ಹಿಡಿದರು. ಅಷ್ಟು ದಟ್ಟ ಕೂದಲು, ಅಷ್ಟು ಕೆಳಗಿನ ಅಂಚು ಹದಿನೆಂಟರ ಹುಡುಗನಿಗೆ ಸರಿ. ನಾನು ಒಪ್ಪದೆ ನಾಲ್ಕು ಬೆರಳಿಗಿಂತ ತುಸು ಮೇಲೆಯೇ ಕೂರಿಸಿಕೊಂಡೆ, ಎರಡೂ ಮೂಲೆ ಒಳಕ್ಕೆ ಸರಿದಂತೆ ಇರಿಸಿದೆ, ಮುಂದಿನ ಅರ್ಧ ಇಂಚಿನಲ್ಲಿ ಚಿಮ್ಮಟದಿಂದ ಅಲ್ಲೊಂದು ಇಲ್ಲೊಂದು ಎಳೆ ಕೀಳಿಸಿ ತೆಳುವಾಗಿಸಿದೆ. ಲೇಸಿನಲ್ಲಿ ಪ್ರತಿ ಎಳೆಯ ಬುಡಕ್ಕೂ ಒಂದು ಗಂಟಿರುತ್ತದೆ; ಬ್ಲೀಚ್ ಮಾಡದಿದ್ದರೆ ಆ ಗಂಟುಗಳು ಬಿಸಿಲಿನಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ, ಬ್ಲೀಚ್ ಮಾಡಿದರೆ ಅಲ್ಲಿಯೇ ಕೂದಲು ಬೇಗ ಉದುರುತ್ತದೆ. ಆ ಉದುರುವಿಕೆಯನ್ನು ನಾನು ಒಪ್ಪಿಕೊಂಡೇ ಇದ್ದೇನೆ.

ಇನ್ನು ನಮ್ಮ ಕರಾವಳಿಯ ಬೆವರು. ಗ್ಲೂ ಏಪ್ರಿಲ್‌ನಲ್ಲಿ ಒಂದು ವಾರವೂ ತಡೆಯುವುದಿಲ್ಲ. ಮುಂದಿನ ಅಂಚು ಎದ್ದುಬಿಟ್ಟರೆ ಎಷ್ಟು ಒಳ್ಳೆಯ ಕಟಿಂಗ್ ಇದ್ದೂ ಪ್ರಯೋಜನವಿಲ್ಲ. ಪ್ಯಾಚನ್ನು ಬಿಚ್ಚಿ, ತೊಳೆದು, ಮತ್ತೆ ಅಂಟಿಸುವ ಸರ್ವಿಸಿಂಗಿಗೆ ತಿಂಗಳಿಗೆ 1,200, ವರ್ಷಕ್ಕೆ 14,400. ತಲಾ 19,000 ರೂಪಾಯಿಯಂತೆ ವರ್ಷಕ್ಕೆ ಎರಡು ಪ್ಯಾಚಿಗೆ 38,000. ಟೇಪು, ಗ್ಲೂ ಬಿಟ್ಟೇ 52,400 ಆಯಿತು. ಎರಡನೆಯ ಪ್ಯಾಚಿನ ಕೂದಲು ಮೂರು ತಿಂಗಳಿಗೇ ಸಿಕ್ಕುಗಟ್ಟಿ, ಬಾಚಣಿಗೆ ಇಳಿಯದಂತಾಯಿತು. ಭಾರತದ ಕೂದಲಿನ ಹಣೆಬರಹವೇ ಇಷ್ಟು.

ಕೊಪ್ಪಳ, ಭಾಗ್ಯನಗರ:
ಮಂಗಳೂರಿನ ಸಹೋದರರೇ, ಕೊನೆಯ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ನಮ್ಮ ಭಾಗ್ಯನಗರದಲ್ಲಿ ಎಷ್ಟೋ ಮನೆಗಳು ಕೂದಲು ಬಿಡಿಸಿ, ಹದ ಮಾಡಿಯೇ ಬದುಕುತ್ತಿವೆ. ನಾನೂ ಅಂಥ ಮನೆಯವನೇ. ಇಲ್ಲಿಂದ ಹೊರದೇಶಕ್ಕೆ ಹೋಗುವ ಮಾಲನ್ನು ಕಣ್ಣಾರೆ ಕಂಡು ಬೆಳೆದಿದ್ದೇನೆ.

ಸಿಕ್ಕಾಗುವುದಕ್ಕೆ ದೇಶ ಕಾರಣವಲ್ಲ. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿನ ಬುಡ, ತುದಿ ಒಂದೇ ದಿಕ್ಕಿಗೆ ಇರುತ್ತವೆ; ತಿರುಪತಿಯ ದೇವಸ್ಥಾನ ಅಂತಹ ಕೂದಲನ್ನು ಇ-ಹರಾಜಿನಲ್ಲಿ ಮಾರುತ್ತದೆ. ಮನೆಮನೆಯಿಂದ ಕೂಡಿಸಿದ, ಬಾಚಿದಾಗ ಉದುರಿದ ಕೂದಲಿನಲ್ಲಿ ಬುಡ, ತುದಿ ಹಿಂದುಮುಂದಾಗಿ ಬೆರೆತಿರುತ್ತವೆ. ಎಳೆಯ ಮೇಲಿನ ಪೊರೆಗಳು ಎದುರುಬದುರಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದನ್ನು ತಪ್ಪಿಸಲು ಕಾರ್ಖಾನೆಗಳಲ್ಲಿ ಆಮ್ಲದಲ್ಲಿ ಅದ್ದಿ ಪೊರೆ ಸವೆಸಿ, ಮೇಲೆ ಸಿಲಿಕೋನ್ ಲೇಪ ಕೊಡುತ್ತಾರೆ. ಹೊಸದರಲ್ಲಿ ರೇಷ್ಮೆಯಂತಹ ಹೊಳಪು, ಲೇಪ ತೊಳೆದುಹೋದ ಮೇಲೆ ಗಂಟೋ ಗಂಟು. ಕೊಳ್ಳುವಾಗ ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ, ಮತ್ತೆ ತುದಿಯಿಂದ ಬುಡಕ್ಕೆ ಎಳೆದು ನೋಡಿ: ಪೊರೆ ಇರುವ ಕೂದಲು ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ಎರಡೂ ಕಡೆ ಜಾರಿದರೆ ಪೊರೆ ಸವೆಸಿದ್ದಾರೆ ಎಂದರ್ಥ, ಮುಂದೆ ಅದನ್ನು ಯಾವ ಕತ್ತರಿಯೂ ಉಳಿಸಲಾರದು.

ಮಂಗಳೂರು, ಖಾಸಗಿ ಕಂಪನಿ ಉದ್ಯೋಗಿ:
19,000 ಕೊಟ್ಟ ಗ್ರಾಹಕನು ಎಳೆ ಎಳೆದು ಪರೀಕ್ಷಿಸಬೇಕೇ? ಅಂಗಡಿಯವರು ದೇವಸ್ಥಾನದ ಕೂದಲೆಂದೇ ಹೇಳಿ ಮಾರಿದ್ದರು. ನಿಮ್ಮ ವ್ಯಾಪಾರಿಗಳೇ ಎರಡನ್ನೂ ಬೆರೆಸಿ ಕಳಿಸುವುದಿಲ್ಲವೆಂದು ಯಾರು ಖಾತರಿ ಕೊಡುತ್ತಾರೆ? ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಬೆಂಗಳೂರು, ಸಾಫ್ಟ್‌ವೇರ್ ಉದ್ಯೋಗಿ:
ಈ ತೊಂದರೆಗಳೆಲ್ಲ ಏಕೆ? ನಾನು 1,10,000 ರೂಪಾಯಿಗೆ ಕೂದಲು ಕಸಿ ಮಾಡಿಸಿಕೊಂಡೆ. ಈಗ ಯಾವ ಸಲೂನಿಗೆ ಬೇಕಾದರೂ ಧೈರ್ಯವಾಗಿ ಹೋಗುತ್ತೇನೆ.

ಕಲಬುರಗಿ, ನಿವೃತ್ತ ಶಿಕ್ಷಕ:
ಕಸಿಗೆ ಸಾಮಾನ್ಯವಾಗಿ ಹಿಂದಲೆಯಿಂದಲೇ ಕೂದಲು ತೆಗೆಯುತ್ತಾರೆ, ಅಲ್ಲಿಯೂ ವಿರಳವಾಗಿರುವ ನನ್ನಂಥವರು ಎಲ್ಲಿಂದ ತರುವುದು? ಕೇಳಿದ ಪ್ರಶ್ನೆ ಪ್ಯಾಚಿನದು. ಅದಕ್ಕೆ ಉತ್ತರವಿದ್ದರೆ ಬರೆಯಿರಿ.

ನನ್ನ ಅನುಭವ ಬಣ್ಣದ್ದು. ಅರವತ್ತು ದಾಟಿದವನ ನೆತ್ತಿ ಕಡುಗಪ್ಪಾಗಿದ್ದು ಕಿವಿಯ ಸುತ್ತ ನರೆಯಿದ್ದರೆ, ಎಂತಹ ನಿಪುಣ ಕತ್ತರಿಸಿದರೂ ಎರಡೂ ಬೇರೆ ಬೇರೆ ತಲೆಯವು ಎಂದೇ ಕಾಣುತ್ತದೆ. ಆದ್ದರಿಂದ ಮೂವತ್ತು ಪರ್ಸೆಂಟ್ ನರೆ ಬೆರೆಸಿದ ಪ್ಯಾಚನ್ನು 17,800ಕ್ಕೆ ಹೇಳಿ ಮಾಡಿಸಿಕೊಂಡೆ. ಪ್ಯಾಚುಗಳಲ್ಲಿ ಬಿಳಿ ಎಳೆಗಳು ಬಹುಮಟ್ಟಿಗೆ ಸಿಂಥೆಟಿಕ್ ಆಗಿರುತ್ತವೆ ಎಂಬುದನ್ನು ಮಾರಿದವರು ತಿಳಿಸಲಿಲ್ಲ. ಸಲೂನಿನಲ್ಲಿ ಡ್ರೈಯರಿನ ಬಿಸಿ ಗಾಳಿ ಹಿಡಿದ ಕೂಡಲೇ ಬಿಳಿಯವು ಮಾತ್ರ ಮುರುಟಿ ಸುರುಳಿಯಾದವು, ಕಪ್ಪು ಎಳೆಗಳು ನೆಟ್ಟಗೇ ಉಳಿದವು. ಅವನ್ನು ಒಂದೊಂದಾಗಿ ಆರಿಸಿ ಕತ್ತರಿಸಲು ಆ ಹುಡುಗ ಸಂಜೆಯವರೆಗೆ ಕುಳಿತ. ಜೊತೆಗೆ ನಮ್ಮ ಬೇಸಿಗೆಯ ಬಿಸಿಲಿಗೆ ಕಪ್ಪು ಎಳೆಗಳು ಕೆಂಚಗಾಗುತ್ತವೆ. ಛತ್ರಿಯಿಲ್ಲದೆ ನಾನು ಹೊರಗೆ ಹೋಗುವುದಿಲ್ಲ.

ದಾವಣಗೆರೆಯಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕೊಪ್ಪಳದವರ ಮಾತಿನಂತೆ ಎಳೆ ಎಳೆದು ನೋಡಿದೆ, ಒಂದು ಕಡೆ ತಡೆಯುತ್ತದೆ. ಮದುವೆಗೆ ಎಷ್ಟು ದಿನ ಮುಂಚೆ ಕತ್ತರಿಸಬೇಕು, ಪಕ್ಕದ ನನ್ನ ಕೂದಲನ್ನು ಈಗಲೇ ಗಿಡ್ಡ ಮಾಡಿಸಬಹುದೇ ಎಂಬುದನ್ನು ಯಾರೂ ತಿಳಿಸಿಲ್ಲ.

ಬೆಂಗಳೂರು, ರಾಜಾಜಿನಗರದ ಹೇರ್ ಸ್ಟೈಲಿಸ್ಟ್:
ಪಕ್ಕದ ಕೂದಲನ್ನು ಈಗ ಮುಟ್ಟಿಸಲೇಬೇಡಿ, ಸರ್. ಮಷೀನ್ ಹಾಕಿ ಚರ್ಮ ಕಾಣುವಷ್ಟು ತೆಗೆದರೆ ಪ್ಯಾಚಿನ ಕೂದಲು ಬೆರೆಯಲು ಏನೂ ಉಳಿಯುವುದಿಲ್ಲ, ಪಾಲಿ ಅಂಚೂ ಕಾಣಿಸುತ್ತದೆ. ಮದುವೆಗೆ ಮೂರು ವಾರ ಮುಂಚೆ ಕೂರಿಸಿ, ಉದ್ದ ಉಳಿಸಿಕೊಂಡು ಕತ್ತರಿಸಿರಿ. ತಲೆಸ್ನಾನ ಮಾಡಿ, ಮಲಗಿ ಎದ್ದು, ಹೆಲ್ಮೆಟ್ ಹಾಕಿ ತೆಗೆದು ಕೂದಲು ಹೇಗೆ ಬೀಳುತ್ತದೆಂದು ನೋಡಿಕೊಳ್ಳಿ. ಅಂಚಿನ ಉಳಿದ ಕೆಲಸವನ್ನು ಮದುವೆಗೆ ಎರಡು ದಿನ ಇರುವಾಗ ಮುಗಿಸಿರಿ. ಆಗ ನಿಮ್ಮ ಕೂದಲು ಬೆಳೆದಿರುತ್ತದೆ, ಪ್ಯಾಚಿನದು ಇದ್ದಷ್ಟೇ ಇರುತ್ತದೆ. ಆಗ ಕತ್ತರಿಸಬೇಕಾದದ್ದು ಕೆಳಗಿನ ನಿಮ್ಮ ಕೂದಲನ್ನು ಮಾತ್ರ.

ಹುಬ್ಬಳ್ಳಿ, ಹಾರ್ಡ್‌ವೇರ್ ವ್ಯಾಪಾರಿ:
ಎರಡು ಸಲ ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಖರ್ಚನ್ನೂ ಆ ಮೂರು ಸಾವಿರಕ್ಕೆ ಸೇರಿಸಿ ಲೆಕ್ಕ ಹಾಕಿ, ಸರ್. ದಾವಣಗೆರೆಯಿಂದ ಹುಬ್ಬಳ್ಳಿ ಅದಕ್ಕಿಂತ ಹತ್ತಿರ. ನಮ್ಮ ಅಣ್ಣನಿಗೆ ಈಗಲೇ ಹೇಳಿ ಇಡುತ್ತೇನೆ; ಮಂಗಳವಾರ ಅಂಗಡಿ ರಜೆ, ಬಿಟ್ಟು ಬೇರೆ ಯಾವ ದಿನವಾದರೂ ಬನ್ನಿ.