ತರಬೇತಿ ಮುಗಿಸಿ ಬಂದವರು ಮತ್ತೆ ಹಳೇ ಪಾಠಕ್ಕೇ: ಮುಖ್ಯಾಧ್ಯಾಪಕರು ಏನು ಮಾಡಬಹುದು?

ಕಡಲತಡಿ:
ನಮಸ್ಕಾರ. ಕಾರವಾರ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆ, 6 ಶಿಕ್ಷಕರು. ಕುಮಟಾ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ತರಬೇತಿ ಆದಾಗ ಎಲ್ಲರಿಗೂ ಹುರುಪು. ತಿಂಗಳೊಳಗೆ ಮತ್ತೆ ಓದಿಸು, ಬರೆಸು. ಹೊಸ ವಿಧಾನ ಶಾಲೆಯಲ್ಲಿ ನಿಲ್ಲಬೇಕಾದರೆ ಮುಖ್ಯಾಧ್ಯಾಪಕರು ಎಲ್ಲಿಂದ ಶುರುಮಾಡಬೇಕು?

ಮುರುಗಲು:
ವೇಳಾಪಟ್ಟಿಯಿಂದ. ವಾರಕ್ಕೊಮ್ಮೆ 40 ನಿಮಿಷದ ಒಂದು ಅವಧಿ ಇಬ್ಬರಿಗೆ ಒಟ್ಟಿಗೆ ಬಿಡುವು ಸಿಗಲಿ. ಆಗ ಒಂದು ತರಗತಿಗೆ ಆಟದ ಅವಧಿ, ಇನ್ನೊಂದಕ್ಕೆ ಮುಖ್ಯಾಧ್ಯಾಪಕರೇ ಹೋಗಬೇಕು. ಆ ಬಿಡುವಿನಲ್ಲಿ ಇಬ್ಬರೂ ಸೇರಿ ಹೊಸ ವಿಧಾನದ ಪಾಠ ಯೋಜಿಸಲಿ. ವರ್ಷದ ಯೋಜನೆ ಕೇಳಬೇಡಿ, ಒಂದೇ ಪಾಠ ಸಾಕು.

ಪಾಠದ ದಿನ ತರಗತಿಯ ಹಿಂಬದಿಯಲ್ಲಿ 20 ನಿಮಿಷ ಕುಳಿತು, ಮಕ್ಕಳು ಏನು ಕೇಳಿದರು, ಯಾರು ಬಾಯಿಬಿಡಲೇ ಇಲ್ಲ ಎಂಬಷ್ಟನ್ನೇ ಬರೆದುಕೊಳ್ಳಿ. ಅಂದೇ ಸಂಜೆ ಶಿಕ್ಷಕರ ಜೊತೆ ಕೂತು ಮಾತಾಡಿ. ಇದನ್ನು ತಪಾಸಣೆಯ ದಾಖಲೆಗೆ ಏರಿಸಿದಿರೋ, ಮುಂದಿನ ಸಲ ನಿಮಗೆ ಸಿಗುವುದು ಮೊದಲೇ ಬಾಯಿಪಾಠ ಮಾಡಿಸಿಟ್ಟ ಪಾಠ.

ಕಾಳಿ ದಂಡೆ:
ಮೇಲಿನದ್ದು ಸರಿ, ಆದರೆ ಅಕ್ಕೋರು, ಮಾಸ್ತರು ಹಿಂಜರಿಯುವುದು ಬರವಣಿಗೆಯ ಹೊರೆಗೆ. ಹೊಸ ಚಟುವಟಿಕೆಯನ್ನೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಿಸಲು ಬಿಡಿ, ಎರಡೆರಡು ಸಲ ಬರೆಯುವುದು ತಪ್ಪುತ್ತದೆ.

ಸಾಮಾನು ಅವರ ಕಿಸೆಯಿಂದ ಬರಬಾರದು. 7ನೇ ತರಗತಿಯ ಆಮ್ಲ–ಪ್ರತ್ಯಾಮ್ಲಕ್ಕೆ ಬೇಕಾದದ್ದಾದರೂ ಎಷ್ಟು? ಅಂಗಳದ ಕೆಂಪು ದಾಸವಾಳದ ಎಸಳು, ಬಿಸಿನೀರು, ನಿಂಬೆ, ಸೋಪು. ಎಸಳು ನೆನೆಸಿದ ನೀರು ನಿಂಬೆಗೆ ಗಾಢ ಗುಲಾಬಿ, ಸೋಪಿನ ನೀರಿಗೆ ಹಸಿರು. ಎಸಳು ಕಡಿಮೆಯಾದರೆ ನೀರು ತೆಳುವಾಗಿ ಹಸಿರು ಕಾಣುವುದೇ ಇಲ್ಲ, ಪಾಠ ಕೆಟ್ಟಿತೆಂದು ಶಿಕ್ಷಕರು ಕೈಬಿಡುತ್ತಾರೆ. ಹಿಂದಿನ ದಿನ ಒಮ್ಮೆ ಮಾಡಿನೋಡಲು ಹೇಳಿ. ಗುಂಪಿಗೆ 4 ಮಕ್ಕಳು ಸಾಕು. 10 ಆದರೆ ಇಬ್ಬರು ಮಾಡುತ್ತಾರೆ, ಉಳಿದವರು ಇಣುಕುತ್ತಾರೆ.

ಘಟ್ಟದ ಮೇಲೆ:
ಶಿರಸಿ, ಸಿದ್ದಾಪುರ ಕಡೆಯ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಟ್ಟಿಗೆ ಬಿಡುವು ಆಗದ ಮಾತು. ಅಂಥವರು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಕೇಳಿಕೊಳ್ಳಲಿ. ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೊದಲೇ ತಿಳಿಸಿದರೆ ಸಮಯ ಸಿಗುತ್ತದೆ. ಸರಿಬಾರದ ಪಾಠವನ್ನೂ ಅಲ್ಲಿ ಬಿಚ್ಚಿಡಬೇಕು, ಎಲ್ಲಿ ಎಡವಿತು ಎಂಬುದೇ ಬೇರೆಯವರಿಗೆ ಹೆಚ್ಚು ಉಪಯೋಗ.

ಕಡಲತಡಿ:
ಉಪಕಾರವಾಯಿತು. ಮಕ್ಕಳ ಪಟ್ಟಿ (ನೋಟ್‌ಬುಕ್) ಖಾಲಿ ಇದೆ ಎಂದು ಪಾಲಕರು ಬಂದರೆ?

ಮುರುಗಲು:
ಅವರು ಬರುವ ಮೊದಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿಬಿಡಿ, ಸಾಧ್ಯವಾದರೆ ಅದೇ ದಾಸವಾಳದ ನೀರನ್ನು ಅಲ್ಲೇ ಮಾಡಿ ತೋರಿಸಿ. ಪ್ರತಿ ಚಟುವಟಿಕೆಯ ಕೊನೆಗೆ 5 ನಿಮಿಷ ಉಳಿಸಿ, ಮಗು ಕಂಡದ್ದರ ಒಂದು ಚಿತ್ರ, ತನ್ನದೇ ಮಾತಿನ ಮೂರು ವಾಕ್ಯ, ದಿನಾಂಕ ಹಾಕಿ ಪಟ್ಟಿಯಲ್ಲಿ ಬರೆಯಲಿ. ಬೋರ್ಡಿನಿಂದ ನಕಲು ಬೇಡ.