ಒಂದೇ ಸ್ವರಸಾಲು, ನಾಲ್ಕು ಚರಣ: ಸಾಹಿತ್ಯ ಸಾಲಾಗಿ ಕೂಡವಲ್ದು

ಪ್ರಶ್ನೆ (ಬೀದರ್): ಮ್ಯೂಸ್‌ಸ್ಕೋರ್ 4 ಅನ್ನೋ ಸ್ವರಲಿಪಿ ಬರಿಯೋ ತಂತ್ರಾಂಶದಾಗ ಚರ್ಚಿನ ಗಾಯನವೃಂದಕ್ಕ ಕನ್ನಡ ಕೀರ್ತನೆ ಕೂಡಿಸಬೇಕಾಗ್ಯದ. ಎರಡನೇ ಚರಣದಾಗ ಒಂದು ಅಕ್ಷರ ಕಡಿಮಿ. ಅಲ್ಲಿಂದ ಮುಂದಿಂದೆಲ್ಲಾ ಒಂದು ಸ್ವರ ಹಿಂದ ಸರೀತದ. ಒತ್ತಕ್ಷರಾನೂ ಕೆಳಗಿನ ಸಾಲಿಗಿ ತಾಗ್ತಾವ.

ಉತ್ತರ (ಕಲಬುರಗಿ): ಸ್ವರ ಆರಿಸಿ ಕಂಟ್ರೋಲ್+ಎಲ್ ಒತ್ರಿ, ಅದೇ ಸ್ವರದ ಕೆಳಗ ಮುಂದಿನ ಚರಣಕ್ಕ ಎಂಟರ್. ಅಕ್ಷರದ ನಡುವ ಹೈಫನ್, ಪದ ಮುಗದ್ರ ಸ್ಪೇಸ್. ಒಂದು ಅಕ್ಷರ ಎರಡು ಸ್ವರಕ್ಕ ಎಳೀಬೇಕಾದಲ್ಲಿ, ಪದದ ಕೊನಿಯಾದ್ರ ಅಂಡರ್‌ಸ್ಕೋರ್ ಎರಡು ಸಲ, ನಡುವಾದ್ರ ಹೈಫನ್ ಎರಡು ಸಲ. ಆ ಸ್ವರಗಳ ಮ್ಯಾಲ ಚುಕ್ಕಿ ಸ್ಲರ್ (ಸ್ವರಗಳನ್ನ ಕೂಡಿಸೋ ಚುಕ್ಕಿಯ ಬಾಗಿದ ಗೆರಿ) ಹಾಕ್ರಿ, ಒಂದೆರಡು ಚರಣಕ್ಕಷ್ಟೇ ಅಂತ ಹಾಡೋರಿಗಿ ತಿಳೀತದ.

ಚರಣಸಂಖ್ಯೆ ‘2.’ ಆದಮ್ಯಾಲ ಕಂಟ್ರೋಲ್+ಸ್ಪೇಸ್. ಬರೇ ಸ್ಪೇಸ್ ಒತ್ತಿದ್ರ ಕರ್ಸರ್ ಮುಂದಿನ ಸ್ವರಕ್ಕ ಜಿಗೀತದ, ಅರ್ಧ ಗೋಳು ಇದರಿಂದನೇ.

ಉತ್ತರ (ಯಾದಗಿರಿ): ಒತ್ತಕ್ಷರಕ್ಕ ಫಾರ್ಮ್ಯಾಟ್, ಸ್ಟೈಲ್, ಲಿರಿಕ್ಸ್‌ನಾಗ ಲೈನ್ ಹೈಟ್ (ಸಾಲುಗಳ ಅಂತರ) 130%ಕ್ಕ ಏರಿಸ್ರಿ. ‘ಭಕ್ತಿ’ ಅನ್ನೋದನ್ನ ‘ಭಕ್-ತಿ’ ಅಂತ ಒಡೀಬ್ಯಾಡ್ರಿ, ‘ಭ-ಕ್ತಿ’ ಇರ್ಲಿ. ಇಲ್ಲಂದ್ರ ‘ಕ್’ ಒಂಟಿಯಾಗಿ ನಿಂತು ಓದೋರು ತಡವರಿಸ್ತಾರ. ಐದನೇ ಚರಣ ಇದ್ರ ಸ್ವರದ ಕೆಳಗ ತುರುಕಬ್ಯಾಡ್ರಿ, ಪುಟದ ಕೊನಿಗಿ ಟೆಕ್ಸ್ಟ್ ಫ್ರೇಮ್ (ಬರೇ ಸಾಹಿತ್ಯ ಬರಿಯೋ ಚೌಕಟ್ಟು) ಸಾಕು.